ನಾಯಿ ಇದ್ದಕ್ಕಿದ್ದಂತೆ ತೂರಾಡಿದರೆ: ಮನೆಯಲ್ಲಿ ಏನು ನೋಡಬೇಕು, ಯಾವಾಗ ಓಡಬೇಕು

ರಾತ್ರಿ ಚೆನ್ನಾಗಿ ತಿಂದು ಮಲಗಿದ ನಾಯಿಗೆ ಬೆಳಿಗ್ಗೆ ನಿಲ್ಲೋಕೇ ಆಗುತ್ತಿಲ್ಲ, ಒಂದೇ ಕಡೆಗೆ ವಾಲಿ ಬೀಳುತ್ತಿದೆ. ಇನ್ನೊಂದು ಮನೆಯಲ್ಲಿ ನಾಯಿ ಸೋಫಾದಿಂದ ಹಾರಿದ್ದಷ್ಟೇ, ಹಿಂಗಾಲು ಎಳೆದುಕೊಂಡು ಬರುತ್ತಿದೆ. "ಲಕ್ವ ಹೊಡೆದಿದೆಯಾ? ಏನು ಮಾತ್ರೆ ಕೊಡಲಿ?" ಎಂದು ಕೇಳುವವರು ಜಾಸ್ತಿ ಆಗಿದ್ದಾರೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆಯುತ್ತಿದ್ದೇನೆ.

ಮಾತ್ರೆಯ ಹೆಸರು ಇಲ್ಲಿ ಸಿಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಡಿಗೆ ಕೆಟ್ಟಿದೆ ಎಂದರೆ ತೊಂದರೆ ಕಿವಿಯದ್ದಿರಬಹುದು, ಬೆನ್ನುಹುರಿಯದ್ದಿರಬಹುದು, ರಕ್ತದ್ದಿರಬಹುದು, ಹೊಟ್ಟೆಗೆ ಹೋದ ವಿಷದ್ದೂ ಇರಬಹುದು. ಒಂದಕ್ಕೆ ಕೊಡುವ ಔಷಧಿ ಇನ್ನೊಂದಕ್ಕೆ ಆಗಿಬರುವುದಿಲ್ಲ. ಮನೆಯಲ್ಲಿ ನಿಮ್ಮ ಕೈಲಾಗುವುದು ಸರಿಯಾಗಿ ನೋಡುವುದು. ನಾಯಿಗೆ ಬ್ಯಾಲೆನ್ಸ್ ತಪ್ಪಿದೆಯಾ, ಕಾಲಲ್ಲಿ ಬಲ ಇಲ್ಲವಾ, ಅಥವಾ ನೋವಿಗೆ ನಡೆಯುತ್ತಿಲ್ಲವಾ? ಈ ಮೂರರಲ್ಲಿ ಯಾವುದು ಎಂದು ಹೇಳಲು ಬಂದರೆ ಈಗಲೇ ಓಡಬೇಕಾ, ಬೆಳಗಿನವರೆಗೆ ಕಾಯಬಹುದಾ ಎಂಬುದೂ ತಿಳಿಯುತ್ತದೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: ಮೊಬೈಲ್, ಟಾರ್ಚ್, ಡಿಜಿಟಲ್ ಥರ್ಮಾಮೀಟರ್, ಎರಡು ದಪ್ಪ ಟವೆಲ್, ಒಂದು ಹಳೆ ಬೆಡ್‌ಶೀಟ್, ಯೋಗ ಮ್ಯಾಟ್ ಅಥವಾ ಗೋಣಿಚೀಲ. ರಾತ್ರಿ ತೆರೆದಿರುವ ಕ್ಲಿನಿಕ್ಕಿನ ನಂಬರ್ ಇವತ್ತೇ ಹುಡುಕಿ ಫೋನಿನಲ್ಲಿ ಸೇವ್ ಮಾಡಿ. ಬೆಂಗಳೂರಿನಲ್ಲಿ ಇಂಥವು ಸಿಗುತ್ತವೆ, ಸಣ್ಣ ಊರುಗಳಲ್ಲಿ ಡಾಕ್ಟರ ಸ್ವಂತ ನಂಬರೇ ಗತಿ.

1. ಬೀಳದಂತೆ ನೋಡಿಕೊಳ್ಳಿ, ಕಚ್ಚಿಸಿಕೊಳ್ಳಬೇಡಿ

ಮೊದಲು ಮೆಟ್ಟಿಲು, ಮಂಚ, ಬಾಲ್ಕನಿಯ ಕಡೆ ಹೋಗದಂತೆ ತಡೆಯಿರಿ. ನುಣುಪಾದ ಟೈಲ್ಸ್ ಮೇಲೆ ಇದ್ದರೆ ಮ್ಯಾಟ್ ಹಾಸಿ. ಟಿವಿ ಆಫ್ ಮಾಡಿ, ಮಕ್ಕಳನ್ನು ಆಚೆ ಕಳಿಸಿ. ಗಾಬರಿಯಾದ ನಾಯಿ, ನೋವಿರುವ ನಾಯಿ ತನ್ನ ಮನೆಯವರನ್ನೂ ಕಚ್ಚುತ್ತದೆ. ಎಷ್ಟೇ ಸಾಧು ಇರಲಿ, ಮುಖದ ಹತ್ತಿರ ಮುಖ ಒಯ್ಯಬೇಡಿ.

ಇಲ್ಲಿ ರೇಬೀಸ್ ಬಗ್ಗೆ ಹೇಳಲೇಬೇಕು. ಹುಚ್ಚುನಾಯಿ ಎಂದರೆ ಅಟ್ಟಿಸಿಕೊಂಡು ಬಂದು ಕಚ್ಚುವ ನಾಯಿ ಎಂದೇ ಎಲ್ಲರೂ ಅಂದುಕೊಂಡಿರುತ್ತಾರೆ. ಸುಮ್ಮನೆ ಮೂಲೆಯಲ್ಲಿ ಕೂತು, ಕಾಲು ಸೋತು, ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಸುವ ರೇಬೀಸ್ ಕೂಡ ಇದೆ. ಬೊಗಳುವ ದನಿ ಬದಲಾಗಿರುತ್ತದೆ, ನೀರು ನುಂಗಲು ಆಗುವುದಿಲ್ಲ. "ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ" ಎಂದು ಬಾಯಿಗೆ ಕೈ ಹಾಕುವ ತಪ್ಪು ಆಗುವುದು ಇಲ್ಲೇ. ಲಸಿಕೆ ಹಾಕಿಸದ ನಾಯಿ, ಬೀದಿಯಿಂದ ತಂದ ಮರಿ, ಹಿಂದೆ ಬೇರೆ ನಾಯಿ ಕಚ್ಚಿದ್ದ ನಾಯಿ ಆಗಿದ್ದರೆ ಮುಟ್ಟದೆ ಒಂದು ಕೋಣೆಗೆ ಸೇರಿಸಿ, ಡಾಕ್ಟರಿಗೆ ಫೋನ್ ಮಾಡಿ. ಆಗಲೇ ಕಚ್ಚಿದ್ದರೆ ಅಥವಾ ಕೈಯಲ್ಲಿರುವ ಗಾಯಕ್ಕೆ ಜೊಲ್ಲು ತಾಗಿದ್ದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿಸಿ. ನಾಯಿಗೆ ಏನಾಗಿದೆ ಎಂದು ಖಚಿತವಾಗಲಿ ಎಂದು ಕಾಯಬೇಡಿ.

2. ವಿಡಿಯೊ ಮಾಡಿ

ಔಷಧಿಗಿಂತ ಮೊದಲು ಇದು. ಕ್ಲಿನಿಕ್ಕಿಗೆ ಹೋಗುವಷ್ಟರಲ್ಲಿ ಎಷ್ಟೋ ನಾಯಿಗಳು ಗಾಬರಿಯಲ್ಲಿ ನೆಟ್ಟಗೆ ನಡೆದುಬಿಡುತ್ತವೆ, ಆಮೇಲೆ ಡಾಕ್ಟರಿಗೆ ವರ್ಣಿಸುವುದೇ ಕಷ್ಟ. ಅರ್ಧ ನಿಮಿಷದ ಮೂರು ತುಣುಕು ಸಾಕು: ಹಿಂದಿನಿಂದ ನಡಿಗೆ, ಪಕ್ಕದಿಂದ ನಡಿಗೆ, ಆಮೇಲೆ ಕಣ್ಣು ಕಾಣುವಂತೆ ಮುಖ. ನಿಲ್ಲಲು ಆಗದಿದ್ದರೆ ಬಲವಂತವಾಗಿ ನಡೆಸಬೇಡಿ, ಮಲಗಿರುವ ಹಾಗೆಯೇ ತೆಗೆಯಿರಿ.

3. ಇವುಗಳಲ್ಲಿ ಒಂದು ಕಂಡರೂ ಈಗಲೇ ಹೊರಡಿ

ಮೇಲ್ತುಟಿ ಎತ್ತಿ ಒಸಡು ನೋಡಿ. ತಿಳಿಗುಲಾಬಿ ಇರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. (ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು. ಅವುಗಳಿಗೆ ಕೆಳಗಣ್ಣಿನ ರೆಪ್ಪೆಯ ಒಳಭಾಗ ನೋಡಿ.) ಬಿಳಿ ಅಥವಾ ನೀಲಿಗಟ್ಟಿದ್ದರೆ ಇದು ನಡಿಗೆಯ ತೊಂದರೆಯೇ ಅಲ್ಲ. ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು, ಹೃದಯ ಕೈಕೊಡುತ್ತಿರಬಹುದು.

ಐದು ನಿಮಿಷ ದಾಟಿದ ಫಿಟ್ಸ್, ಏದುಸಿರು, ಪ್ರಜ್ಞೆ ತಪ್ಪುವುದು, ಇವನ್ನು ಬಿಡಿಸಿ ಹೇಳಬೇಕಿಲ್ಲ. ಫಿಟ್ಸ್ ಬಂದು ಹೋದ ಮೇಲೂ ನಾಯಿ ಸ್ವಲ್ಪ ಹೊತ್ತು ತೂರಾಡುತ್ತದೆ, ಗೋಡೆಗೆ ಗುದ್ದಿಕೊಳ್ಳುತ್ತದೆ. ನೀವು ಬರೀ ತೂರಾಟ ನೋಡಿರಬಹುದು, ಮೊದಲು ಫಿಟ್ಸ್ ಬಂದಿತ್ತಾ ಎಂದು ಮನೆಯವರನ್ನು ಕೇಳಿ.

ದೊಡ್ಡ ಜಾತಿಯ ನಾಯಿಯ ಹೊಟ್ಟೆ ಉಬ್ಬಿ, ವಾಂತಿ ಬರುವಂತೆ ಮಾಡಿಯೂ ಏನೂ ಬರದಿದ್ದರೆ ಹೊಟ್ಟೆ ತಿರುಚಿಕೊಂಡಿರುವ ಸಾಧ್ಯತೆ ಇದೆ. ಒಂದು ನಿಮಿಷವೂ ತಡ ಮಾಡುವಂತಿಲ್ಲ.

ಬೇಸಿಗೆಯ ಮಧ್ಯಾಹ್ನ ಓಡಾಡಿಸಿದ ಮೇಲೆ ಕುಸಿದಿದ್ದರೆ ಜ್ವರ ನೋಡಿ. ನಾಯಿಯ ಸಾಮಾನ್ಯ ಉಷ್ಣಾಂಶ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 105 ದಾಟಿದ್ದರೆ ನಲ್ಲಿ ನೀರು ಸುರಿದು ಫ್ಯಾನ್ ಹಾಕಿ, ತಣಿಸುತ್ತಲೇ ಹೊರಡಿ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನವುಗಳಿಗೆ ಈ ಅಪಾಯ ಜಾಸ್ತಿ.

ಮರಿ ಹಾಕಿ ಕೆಲವೇ ವಾರವಾದ ತಾಯಿನಾಯಿ, ಅದರಲ್ಲೂ ಸಣ್ಣ ಜಾತಿಯದು, ಕಾಲು ಸೆಟೆದು ನಡುಗುತ್ತಿದ್ದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರುತ್ತದೆ. ಮರಿಗಳನ್ನು ಹಾಲಿನಿಂದ ಬಿಡಿಸಿ, ತಾಯಿಯನ್ನು ಕರೆದೊಯ್ಯಿರಿ. ಪುಟಾಣಿ ಜಾತಿಯ ಮರಿ ಊಟ ಬಿಟ್ಟು ತೂರಾಡುತ್ತಿದ್ದರೆ ಸಕ್ಕರೆ ಅಂಶ ಇಳಿದಿರಬಹುದು. ಎಚ್ಚರ ಇದ್ದರೆ ಒಸಡಿಗೆ ಒಂದಿಷ್ಟು ಜೇನು ಸವರಿ, ಹೊರಡಿ.

ಕೊನೆಯದು, ಹಿಂಗಾಲು ಎರಡೂ ಪೂರ್ತಿ ಸೋತಿದ್ದರೆ. ಇದರ ಬಗ್ಗೆ ಮುಂದಿನ ಹಂತದಲ್ಲಿ ವಿವರವಾಗಿ ಹೇಳುತ್ತೇನೆ.

4. ಮೂರರಲ್ಲಿ ಯಾವುದು?

ಬ್ಯಾಲೆನ್ಸ್ ತಪ್ಪಿದ ನಾಯಿ. ತಲೆ ಒಂದು ಕಡೆಗೆ ವಾಲಿರುತ್ತದೆ, ಒಂದು ಕಿವಿ ಕೆಳಗೆ, ಒಂದು ಮೇಲೆ. ಅದೇ ಕಡೆಗೆ ಬೀಳುತ್ತದೆ, ಇಲ್ಲವೇ ಸುತ್ತು ಹೊಡೆಯುತ್ತದೆ. ಈಗ ಕಣ್ಣು ನೋಡಿ. ಕಪ್ಪುಗುಡ್ಡೆ ನಿಧಾನವಾಗಿ ಒಂದು ಕಡೆ ಜಾರುತ್ತದೆ, ಥಟ್ಟನೆ ವಾಪಸ್ ಬರುತ್ತದೆ, ಮತ್ತೆ ಜಾರುತ್ತದೆ. ಬಿಡುವೇ ಇಲ್ಲ. ಲೋಕವೇ ಗಿರಗಿರ ತಿರುಗುತ್ತಿರುವಾಗ ಪಾಪ ಅದಕ್ಕೆ ವಾಕರಿಕೆ ಬರದೆ ಇರುತ್ತಾ? ವಾಂತಿ, ಜೊಲ್ಲು, ಊಟ ಬೇಡ ಅನ್ನುವುದು, ಎಲ್ಲ ಒಟ್ಟಿಗೇ ಬರುತ್ತದೆ.

ಇದಕ್ಕೆ ವೆಸ್ಟಿಬ್ಯುಲರ್ ತೊಂದರೆ ಎನ್ನುತ್ತಾರೆ. ಒಳಗಿವಿಯಲ್ಲಿ ದೇಹದ ಸಮತೋಲ ಕಾಯುವ ಅಂಗ ಇದೆ. ಅದು ಅಥವಾ ಅದರಿಂದ ಮೆದುಳಿಗೆ ಹೋಗುವ ದಾರಿ ಕೆಟ್ಟಾಗ ಹೀಗಾಗುತ್ತದೆ. ವಯಸ್ಸಾದ ನಾಯಿಗಳಲ್ಲಿ ಯಾವ ಕಾರಣವೂ ಸಿಗದೆ ಇದು ಬರುವುದು ತುಂಬ ಸಾಮಾನ್ಯ. ನೋಡಲು ಭಯಂಕರ, ಆದರೆ ಮೊದಲ ಒಂದೆರಡು ದಿನವೇ ಅತಿ ಕೆಟ್ಟ ದಿನ. ಮೂರನೇ ದಿನದ ಹೊತ್ತಿಗೆ ಕಣ್ಣಿನ ಓಡಾಟ ಕಡಿಮೆಯಾಗುತ್ತದೆ, ಎರಡು ಮೂರು ವಾರದಲ್ಲಿ ಹೆಚ್ಚಿನವು ಓಡಾಡಿಕೊಂಡಿರುತ್ತವೆ. ತಲೆ ಸ್ವಲ್ಪ ವಾಲಿಯೇ ಉಳಿಯಬಹುದು, ಅದರಿಂದ ನಾಯಿಗೇನೂ ಕಷ್ಟವಿಲ್ಲ.

"ಹದಿಮೂರು ವರ್ಷ ಆಯ್ತು, ಸ್ಟ್ರೋಕ್ ಆಗಿದೆ, ಇಂಜೆಕ್ಷನ್ ಕೊಟ್ಟು ಕಳಿಸಿಬಿಡೋಣ" ಎಂಬ ತೀರ್ಮಾನಕ್ಕೆ ಮನೆಯವರು ಬರುವುದು ಸಾಮಾನ್ಯವಾಗಿ ಮೊದಲ ದಿನವೇ. ದಯವಿಟ್ಟು ಅವಸರ ಮಾಡಬೇಡಿ. ನಾಯಿಯ ಆಯುಷ್ಯದ ನಿರ್ಧಾರವನ್ನು ಅದು ಅತಿ ಕೆಟ್ಟದಾಗಿ ಕಾಣುವ ದಿನ ತೆಗೆದುಕೊಳ್ಳುವುದು ನ್ಯಾಯವಲ್ಲ. ಡಾಕ್ಟರು ಬೇರೆ ಗಂಭೀರ ಕಾರಣ ಹೇಳದಿದ್ದರೆ ಮೂರು ದಿನ ಕೊಡಿ. ವಾಂತಿ ನಿಲ್ಲುವ ಔಷಧಿ ಬಿದ್ದರೆ ಅರ್ಧ ಸಂಕಟ ಅಲ್ಲೇ ಕಳೆಯುತ್ತದೆ.

ಹಾಗಂತ ಎಲ್ಲವೂ ತಾನಾಗಿ ವಾಸಿಯಾಗುವಂಥದ್ದಲ್ಲ. ಕಿವಿಯಿಂದ ವಾಸನೆ, ಕೀವು, ತಲೆ ಕೊಡವುವುದು ಇದ್ದರೆ ಸೋಂಕು ಒಳಗಿವಿಗೆ ಇಳಿದಿರಬಹುದು, ಅದಕ್ಕೆ ವಾರಗಟ್ಟಲೆ ಔಷಧಿ ಬೇಕು. ಕಣ್ಣುಗುಡ್ಡೆ ಪಕ್ಕಕ್ಕೆ ಓಡುವ ಬದಲು ಮೇಲೆ ಕೆಳಗೆ ಓಡುತ್ತಿದ್ದರೆ, ಕರೆದರೂ ಮಂಕಾಗಿದ್ದರೆ, ಒಂದು ಕಡೆಯ ಕಾಲುಗಳಲ್ಲಿ ಬಲವೂ ಇಲ್ಲದಿದ್ದರೆ ತೊಂದರೆ ಮೆದುಳಿನ ಕಡೆಗಿರಬಹುದು.

ಕಿವಿಗೆ ಬಿಸಿ ಕೊಬ್ಬರಿ ಎಣ್ಣೆ ಬಿಡಬೇಡಿ. ಹಳೆಯ ಡ್ರಾಪ್ಸ್ ಕೂಡ ಬೇಡ. ತಮಟೆ ಹರಿದಿದ್ದರೆ ಕೆಲವು ಔಷಧಿಗಳು ಒಳಗಿವಿಯನ್ನೇ ಹಾಳು ಮಾಡುತ್ತವೆ. ಡ್ರಾಪ್ಸ್ ಹಾಕಿದ ಮೇಲೆಯೇ ತಲೆ ವಾಲಿದ್ದರೆ ನಿಲ್ಲಿಸಿ, ಡಾಕ್ಟರಿಗೆ ಹೇಳಿ.

ಬಲ ಇಲ್ಲದ ನಾಯಿ. ತಲೆ ನೆಟ್ಟಗಿದೆ, ಕಣ್ಣು ಸರಿಯಿದೆ, ಕರೆದರೆ ನೋಡುತ್ತದೆ. ಹಿಂಗಾಲು ಮಾತ್ರ ಒಂದಕ್ಕೊಂದು ಅಡ್ಡ ಬರುತ್ತವೆ, ಉಗುರು ನೆಲಕ್ಕೆ ಉಜ್ಜುತ್ತದೆ. ಒಂದು ಚಿಕ್ಕ ಪರೀಕ್ಷೆ ಮಾಡಬಹುದು. ನಾಯಿಯ ಎದೆ, ಹೊಟ್ಟೆಗೆ ಆಸರೆ ಕೊಟ್ಟು ನಿಲ್ಲಿಸಿ, ಒಂದು ಹಿಂಗಾಲಿನ ಪಾದವನ್ನು ಮೆಲ್ಲಗೆ ಮಡಚಿ ಅದರ ಬೆನ್ನು ನೆಲಕ್ಕೆ ತಾಗುವಂತೆ ಇಡಿ. ಸರಿಯಿರುವ ನಾಯಿ ಕಣ್ಣು ಮಿಟುಕಿಸುವಷ್ಟರಲ್ಲಿ ಪಾದ ತಿರುಗಿಸಿಕೊಳ್ಳುತ್ತದೆ. ಮಡಚಿದ ಪಾದದ ಮೇಲೆಯೇ ನಿಂತಿದ್ದರೆ ಕಾಲು ಎಲ್ಲಿದೆ ಎಂಬ ಸುದ್ದಿ ಮೆದುಳಿಗೆ ಮುಟ್ಟುತ್ತಿಲ್ಲ ಎಂದರ್ಥ. ಬರೀ ಒಳಗಿವಿಯ ತೊಂದರೆ ಇರುವ ನಾಯಿ ಬೀಳುತ್ತಿದ್ದರೂ ಪಾದ ಮಾತ್ರ ಸರಿಮಾಡಿಕೊಳ್ಳುತ್ತದೆ. ಮುಟ್ಟಿದರೆ ಕೂಗುತ್ತಿದ್ದರೆ ಈ ಪರೀಕ್ಷೆ ಬೇಡ.

ಡ್ಯಾಶ್‌ಹಂಡ್, ಬೀಗಲ್, ಶಿಟ್ಜು, ಕಾಕರ್ ಸಾಕಿದವರು ಇಲ್ಲಿ ಗಮನ ಕೊಡಿ. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಇವುಗಳಲ್ಲಿ ಬೇಗ ಗಟ್ಟಿಯಾಗಿ, ಒಂದು ದಿನ ಸಿಡಿದು ಬೆನ್ನುಹುರಿಯನ್ನು ಒತ್ತುತ್ತದೆ. ಬೆನ್ನು ಗೂನು ಮಾಡಿ ನಿಲ್ಲುವುದು, ಎತ್ತಿಕೊಂಡರೆ ಕಿರುಚುವುದು, ಸೋಫಾ ಹತ್ತದಿರುವುದು ಮೊದಲ ಸೂಚನೆ. ಆಮೇಲೆ ತೂರಾಟ, ಆಮೇಲೆ ಕಾಲು ಪೂರ್ತಿ ಸೋಲುವುದು. ಕೆಲವೊಮ್ಮೆ ಇದೆಲ್ಲ ಒಂದೇ ದಿನದಲ್ಲಿ. ಕಾಲಿನ ಮೂಳೆಯನ್ನೇ ಗಟ್ಟಿಯಾಗಿ ಒತ್ತಿದಾಗಲೂ ನೋವು ತಿಳಿಯುತ್ತದೆಯಾ ಎಂದು ಡಾಕ್ಟರು ನೋಡುತ್ತಾರೆ. ತಿಳಿಯುತ್ತಿದ್ದರೆ ಚಿಕಿತ್ಸೆಯಿಂದ ಹೆಚ್ಚಿನ ನಾಯಿಗಳು ಮತ್ತೆ ನಡೆಯುತ್ತವೆ. ತಿಳಿಯದಿದ್ದರೆ ಆಪರೇಷನ್ ಮಾಡಿದರೂ ಸುಮಾರು ಅರ್ಧದಷ್ಟು ಮಾತ್ರ. ಅದೂ ಬೇಗ ಆಗಬೇಕು, ಗಂಟೆಗಳ ಲೆಕ್ಕ. ಅದಕ್ಕೇ ಹಿಂಗಾಲು ಪೂರ್ತಿ ಸೋತಿದ್ದರೆ "ನಾಳೆ ಭಾನುವಾರ, ಸೋಮವಾರ ತೋರಿಸೋಣ" ಅನ್ನಬೇಡಿ.

ಬೆರಳು ಹಿಂಡಿದಾಗ ನಾಯಿ ಕಾಲು ಎಳೆದುಕೊಂಡರೆ ನೋವು ತಿಳಿಯುತ್ತಿದೆ ಎಂದು ಖುಷಿಪಡುತ್ತಾರೆ. ಅದು ಬೆನ್ನುಹುರಿಯೇ ಮಾಡುವ ಪ್ರತಿಕ್ರಿಯೆ, ಮೆದುಳಿಗೆ ಗೊತ್ತಾಗಿರಲೇಬೇಕು ಎಂದಿಲ್ಲ. ನಾಯಿ ತಿರುಗಿ ನೋಡಬೇಕು, ಕೂಗಬೇಕು, ಆಗಲೇ ಲೆಕ್ಕ.

ಓಡಾಡುತ್ತಾ ಆಡುತ್ತಾ ಇದ್ದ ನಾಯಿ ಒಮ್ಮೆ ಕುಂಯ್ ಎಂದು, ಆಮೇಲೆ ನೋವೇ ಇಲ್ಲದೆ ಒಂದು ಕಡೆಯ ಕಾಲು ಸೋತರೆ ಬೆನ್ನುಹುರಿಯ ರಕ್ತನಾಳ ಕಟ್ಟಿಕೊಂಡಿರಬಹುದು. ಅದಕ್ಕೆ ಆಪರೇಷನ್ ಬೇಕಿಲ್ಲ, ಫಿಸಿಯೋಥೆರಪಿ ಬೇಕು. ಡಿಸ್ಕ್ ಹೌದೋ ಇದು ಹೌದೋ ಎಂದು ಖಚಿತವಾಗುವುದು ಎಂಆರ್‌ಐನಲ್ಲಿ. ಸಾಮಾನ್ಯ ಎಕ್ಸ್‌ರೇಯಲ್ಲಿ ಡಿಸ್ಕ್ ಕಾಣುವುದಿಲ್ಲ, "ಎಕ್ಸ್‌ರೇ ನಾರ್ಮಲ್" ಎಂದ ಮಾತ್ರಕ್ಕೆ ಬೆನ್ನು ಸರಿಯಿದೆ ಎಂದಲ್ಲ.

ಲಸಿಕೆ ಪೂರ್ತಿಯಾಗದ ಮರಿಗೆ ಕಾಲು ಸೋತು, ನಿದ್ದೆಯಲ್ಲೂ ಒಂದೇ ಸಮನೆ ತಲೆಯೋ ಕಾಲೋ ಜಗ್ಗುತ್ತಿದ್ದರೆ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆಯ ಅನುಮಾನ. ಬೇರೆ ನಾಯಿಗಳಿಂದ ದೂರ ಇಡಿ.

ನೋವಿಗೆ ನಡೆಯದ ನಾಯಿ. ಇದು ತೂರಾಡುವುದಿಲ್ಲ, ಕುಂಟುತ್ತದೆ. ಲ್ಯಾಬ್ರಡಾರ್ ಆಟದ ಮಧ್ಯೆ ಒಂದು ಹಿಂಗಾಲು ಎತ್ತಿಕೊಂಡಿತು ಎಂದರೆ ಮೊಣಕಾಲಿನ ಲಿಗಮೆಂಟ್ ಹರಿದಿರಬಹುದು. ಮೈಯೆಲ್ಲ ನೋವು, ಜ್ವರ, ಊಟ ಬೇಡ, ಮೈಮೇಲೆ ಉಣ್ಣೆ ಇದೆ ಎಂದಾದರೆ ನಮ್ಮ ಕಡೆ ಮೊದಲು ನೋಡಬೇಕಾದ್ದು ಟಿಕ್ ಫೀವರ್, ಅಂದರೆ ಉಣ್ಣೆಯಿಂದ ಹರಡುವ ರಕ್ತದ ಸೋಂಕು. ರಕ್ತಪರೀಕ್ಷೆ ಮಾಡಿಸಿ. ಎಷ್ಟೋ "ಲಕ್ವ" ಕೊನೆಗೆ ಟಿಕ್ ಫೀವರ್ ಆಗಿರುತ್ತದೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದೇ ದಿನ ತೋರಿಸಿ.

5. ಮೈಗೆ, ಹೊಟ್ಟೆಗೆ ಏನು ಹೋಗಿದೆ ಎಂದು ನೆನಪಿಸಿಕೊಳ್ಳಿ

ಕಳೆದ ಒಂದು ವಾರದ ಪಟ್ಟಿ ಮಾಡಿ. ಉಣ್ಣೆಗೆ ಹಾಕುವ ಅಮಿಟ್ರಾಜ್ ದ್ರಾವಣ ನೆಕ್ಕಿದ್ದರೆ ನಾಯಿ ಮಂಕಾಗಿ ತೂಗಾಡುತ್ತದೆ. ತೋಟಕ್ಕೆ ಹೊಡೆದ ಕೀಟನಾಶಕ ತಾಗಿದ್ದರೆ ಜೊಲ್ಲು, ಭೇದಿ, ನಡುಕ. ಕಜ್ಜಿಗೆಂದು ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಇಂಜೆಕ್ಷನ್ನನ್ನು ಅಂದಾಜಿನಲ್ಲಿ ಹಾಕಿಸುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಕೋಲಿ ಜಾತಿಯ ನಾಯಿಗಳಿಗೆ ಅದು ಕಡಿಮೆ ಡೋಸಿನಲ್ಲೇ ಮೆದುಳಿಗೆ ಹೋಗುತ್ತದೆ, ಉಳಿದವಕ್ಕೆ ಡೋಸ್ ಮೀರಿದರೆ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಜಾಸ್ತಿ ದಿನ, ಜಾಸ್ತಿ ಪ್ರಮಾಣದಲ್ಲಿ ಹೋದರೂ ತೂರಾಟ ಬರುತ್ತದೆ. ಶುಗರ್‌ಫ್ರೀ ಚೂಯಿಂಗ್ ಗಮ್‌ನಲ್ಲಿರುವ ಜೈಲಿಟಾಲ್ ಸಕ್ಕರೆ ಅಂಶವನ್ನು ದಿಢೀರ್ ಇಳಿಸುತ್ತದೆ. ಬೀದಿಬದಿಯಲ್ಲಿ ಗಾಂಜಾ ತುಂಡು ತಿಂದು ತೂಗಾಡುವ ನಾಯಿಗಳೂ ನಗರದ ಕ್ಲಿನಿಕ್ಕುಗಳಿಗೆ ಹೊಸದಲ್ಲ. ಮುಜುಗರಪಡದೆ ಹೇಳಿ, ಡಾಕ್ಟರು ಪೊಲೀಸರಲ್ಲ. ಬಾಟಲಿ, ಸ್ಟ್ರಿಪ್, ಪೊಟ್ಟಣ ಏನಿದ್ದರೂ ಜೊತೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ತೂರಾಡುವ ನಾಯಿ ವಾಂತಿಯನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳುತ್ತದೆ.

ಮಲೆನಾಡು, ಕರಾವಳಿ, ತೋಟದ ಮನೆಗಳವರು ಹಾವನ್ನೂ ಪಟ್ಟಿಗೆ ಸೇರಿಸಿ. ನಾಗರಹಾವು, ಕಟ್ಟುಹಾವು ಕಚ್ಚಿದರೆ ಕಾಲು ಸೋಲುತ್ತದೆ, ರೆಪ್ಪೆ ಜೋಲುತ್ತದೆ, ಕೊನೆಗೆ ಉಸಿರಾಟ ನಿಲ್ಲುತ್ತದೆ. ಕಟ್ಟುಹಾವಿನ ಕಡಿತದ ಗುರುತು ಕೂದಲೊಳಗೆ ಕಾಣುವುದೇ ಇಲ್ಲ. ಹಾವು ಹುಡುಕುತ್ತಾ ಕೂರಬೇಡಿ, ಹಗ್ಗ ಬಿಗಿಯಬೇಡಿ. ನಾಯಿಯನ್ನು ನಡೆಸದೆ ಎತ್ತಿಕೊಂಡು, ವಿಷನಿರೋಧಕ ಇಂಜೆಕ್ಷನ್ ಇದೆಯಾ ಎಂದು ಫೋನಿನಲ್ಲೇ ಕೇಳಿಕೊಂಡು ಹೊರಡಿ.

6. ಕರೆದೊಯ್ಯುವುದು

ಬೆನ್ನಿನ ಅನುಮಾನ ಇದ್ದರೆ ಕಂಕುಳಿಗೆ ಕೈಹಾಕಿ ಎತ್ತಬೇಡಿ. ಸಣ್ಣ ನಾಯಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ, ದೊಡ್ಡದನ್ನು ಹಲಗೆ ಅಥವಾ ಬಿಗಿಯಾಗಿ ಹಿಡಿದ ಬೆಡ್‌ಶೀಟ್ ಮೇಲೆ ಒಯ್ಯಿರಿ. ಬಾಯಿಗೆ ಬಟ್ಟೆ ಕಟ್ಟಬೇಕಾದರೂ ವಾಂತಿ ಅಥವಾ ಏದುಸಿರು ಇರುವ ನಾಯಿಗೆ ಬೇಡವೇ ಬೇಡ. ಹೊರಡುವ ಮುಂಚೆ ಕ್ಲಿನಿಕ್ಕಿಗೆ ಫೋನ್ ಮಾಡಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಶಿವಮೊಗ್ಗ, ಹಾಸನ, ಬೀದರ್ ಕಡೆಯವರಿಗೂ ಅಲ್ಲಲ್ಲೇ ಪಶುವೈದ್ಯಕೀಯ ಕಾಲೇಜುಗಳಿವೆ. ಹಳ್ಳಿಯಲ್ಲಿದ್ದರೆ ಪಶುಪಾಲನಾ ಇಲಾಖೆಯ 1962 ಸಹಾಯವಾಣಿಗೆ ಕರೆ ಮಾಡಿ ನೋಡಿ.

ಮನುಷ್ಯರ ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ. ಡೋಲೊ, ಕ್ರೋಸಿನ್, ಬ್ರೂಫೆನ್, ಡೈಕ್ಲೋಫೆನಾಕ್ ನಾಯಿಯ ಲಿವರ್, ಕಿಡ್ನಿ, ಜಠರಕ್ಕೆ ಹಾನಿ ಮಾಡುತ್ತವೆ. ಇನ್ನೊಂದು ತೊಂದರೆಯೂ ಇದೆ. ಮನೆಯಲ್ಲಿ ನೋವಿನ ಮಾತ್ರೆ ಹೋಗಿದ್ದರೆ, ಅಥವಾ ಬೆಳಿಗ್ಗೆ ಒಂದು ಕ್ಲಿನಿಕ್ಕಿನಲ್ಲಿ ನೋವಿನ ಇಂಜೆಕ್ಷನ್ ಬಿದ್ದಿದ್ದರೆ, ಸಂಜೆ ಇನ್ನೊಂದು ಕಡೆ ಸ್ಟಿರಾಯ್ಡ್ ಕೊಡುವಂತಿಲ್ಲ. ಎರಡೂ ಸೇರಿದರೆ ಜಠರದಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ. ಆದ್ದರಿಂದ ಯಾವ ಇಂಜೆಕ್ಷನ್, ಎಷ್ಟು ಗಂಟೆಗೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳದೆ ಯಾವ ಕ್ಲಿನಿಕ್ಕಿನಿಂದಲೂ ಎದ್ದು ಬರಬೇಡಿ. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.

7. ಮನೆಗೆ ತಂದ ಮೇಲೆ

ಚಿಕ್ಕ ಜಾಗ, ದಪ್ಪ ಹಾಸಿಗೆ, ಸುತ್ತ ದಿಂಬು. ಬ್ಯಾಲೆನ್ಸ್ ತಪ್ಪಿದ ನಾಯಿಗೆ ರಾತ್ರಿ ಸಣ್ಣ ದೀಪ ಉರಿಯಲಿ, ಕತ್ತಲಲ್ಲಿ ಅದಕ್ಕೆ ಇನ್ನೂ ದಿಕ್ಕು ತಪ್ಪುತ್ತದೆ. ಮಲಗಿದ ನಾಯಿಯ ಬಾಯಿಗೆ ಸಿರಿಂಜಿನಲ್ಲಿ ನೀರು ಹಾಕಬೇಡಿ. ನಾಯಿಯ ಎದೆ ನೆಲಕ್ಕೆ ತಾಗಿ ತಲೆ ಮೇಲಿರುವಂತೆ ಕೂರಿಸಿ, ಬಟ್ಟಲನ್ನು ಮುಖದ ಮಟ್ಟಕ್ಕೆ ಹಿಡಿದರೆ ತಾನೇ ನೆಕ್ಕುತ್ತದೆ. ಮೆತ್ತಗಿನ ಅನ್ನವನ್ನು ಸಣ್ಣ ಉಂಡೆ ಮಾಡಿ ಕೊಡಿ. ಎದ್ದು ನಿಲ್ಲಿಸುವಾಗ ಟವೆಲ್ಲನ್ನು ಹೊಟ್ಟೆಯಡಿ, ಹಿಂಗಾಲಿನ ಮುಂದೆ ಹಾಯಿಸಿ ಎರಡೂ ತುದಿ ಹಿಡಿದುಕೊಳ್ಳಿ. ಏಳಲಾಗದ ನಾಯಿಯನ್ನು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಸೊಂಟದ ಮೂಳೆಯ ಮೇಲೆ ಹುಣ್ಣಾಗುತ್ತದೆ. ಪಾದದಡಿಯ ಕೂದಲು ಕತ್ತರಿಸಿ.

ಎಲ್ಲರೂ ಮರೆಯುವುದು ಮೂತ್ರ. ಹಿಂಗಾಲು ಸೋತ ನಾಯಿಯ ಹಾಸಿಗೆ ಒದ್ದೆಯಾಗಿದ್ದರೆ "ಪರವಾಗಿಲ್ಲ, ಸುಸ್ಸು ಮಾಡಿದೆ" ಎಂದುಕೊಳ್ಳುತ್ತೀರಿ. ಮೂತ್ರಕೋಶ ತುಂಬಿ ತುಳುಕಿ ಹನಿ ಹನಿಯಾಗಿ ಸೋರಿದ್ದೂ ಆಗಿರಬಹುದು. ಎತ್ತಿದಾಗ ಚಿಮ್ಮಿದರೆ, ಹೊಟ್ಟೆಯ ಕೆಳಭಾಗ ಚೆಂಡಿನಂತೆ ಗಟ್ಟಿ ಇದ್ದರೆ ಅದೇ. ಮೂತ್ರಕೋಶವನ್ನು ಕೈಯಿಂದ ಒತ್ತಿ ಖಾಲಿ ಮಾಡುವುದು ಹೇಗೆ ಎಂದು ಕ್ಲಿನಿಕ್ಕಿನಲ್ಲೇ ಕಲಿತು ಬನ್ನಿ. ನೋಡಿ ಕಲಿಯಬೇಕಾದ ಕೆಲಸ ಅದು, ಓದಿ ಬರುವುದಿಲ್ಲ.

ಡಿಸ್ಕ್ ತೊಂದರೆಗೆ ಆಪರೇಷನ್ ಇಲ್ಲದೆ ಚಿಕಿತ್ಸೆ ಎಂದು ಹೇಳಿದ್ದರೆ ಅದರ ಅರ್ಥ ನಾಲ್ಕರಿಂದ ಆರು ವಾರ ಪಂಜರದ ವಿಶ್ರಾಂತಿ. ಮೂತ್ರಕ್ಕೆ ಬಿಟ್ಟರೆ ಹೊರಗೆ ಬಿಡುವುದೇ ಇಲ್ಲ. ನೋವಿನ ಔಷಧಿಯಿಂದ ಐದನೇ ದಿನಕ್ಕೆ ನಾಯಿ ಗೆಲುವಾಗುತ್ತದೆ, ಬಾಲ ಅಲ್ಲಾಡಿಸಿ ಬೇಡುತ್ತದೆ, ಮನೆಯವರು ಕರಗಿ ಸೋಫಾ ಹತ್ತಿಸುತ್ತಾರೆ. ಎರಡನೇ ಸಲ ಕಾಲು ಹೋಗುವುದು ಆಗಲೇ. ಮಾಲಿಶ್ ಮಾಡುವವರನ್ನು, "ನರ ಎಳೆಯುವವರನ್ನು" ಈ ಅವಧಿಯಲ್ಲಿ ಗೇಟಿನೊಳಗೆ ಬಿಡಬೇಡಿ.

ಮತ್ತೆ ಕ್ಲಿನಿಕ್ಕಿಗೆ ಹೋಗಬೇಕಾದ ಸಂದರ್ಭಗಳು ಇವು: ತಲೆ ವಾಲಿದ ನಾಯಿ ಮೂರು ದಿನವಾದರೂ ಒಂದಿಷ್ಟೂ ಸುಧಾರಿಸದಿದ್ದರೆ, ನಿನ್ನೆ ನಿಲ್ಲುತ್ತಿದ್ದ ಕಾಲು ಇವತ್ತು ನಿಲ್ಲದಿದ್ದರೆ, ಹನ್ನೆರಡು ಗಂಟೆ ಮೂತ್ರ ಬರದಿದ್ದರೆ, ಮಲ ಟಾರಿನಂತೆ ಕಪ್ಪಗಿದ್ದರೆ, ಕೆಮ್ಮಿನ ಜೊತೆ ಜ್ವರ ಶುರುವಾದರೆ. ಹೋಗುವಾಗ ಮೊದಲ ದಿನದ ವಿಡಿಯೊ, ಇಂಜೆಕ್ಷನ್ ಚೀಟಿ ಎರಡನ್ನೂ ಒಯ್ಯಿರಿ.